ತಡೆಹಗ್ಗ ಹಿಡಿದ ಅಜ್ಜನವರು

ಕರೆಗುಡ್ಡದ ಶ್ರೀ ಹುರಿಯಜ್ಜನವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಗದ್ದುಗೆಯ ಮೇಲಲ್ಲ. ಗುಡ್ಡದ ಬುಡದಲ್ಲಿ, ಕಲ್ಲುಪುಡಿ ಹಾರಿ ಬಂದು ಅಂಬಲಿಯ ಗಡಿಗೆಯಲ್ಲೂ ಬೀಳುವ ಜಾಗದಲ್ಲಿ, ನಾಲ್ಕು ಗಳದ ಚಪ್ಪರದಡಿ ಅವರು ವಾಸವಾಗಿದ್ದರು. ಬೆಳಗಿನಿಂದ ಸಂಜೆಯವರೆಗೆ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ಉಪದೇಶ ಬೇಡಿ ಬಂದವರ ಕೈಗೆ ನಾರಿನ ತುದಿ ಕೊಟ್ಟು “ಹಿಡಿ” ಎನ್ನುತ್ತಿದ್ದರು. ಉಪದೇಶ ಅಷ್ಟೇ! ದೊಡ್ಡ ದೊಡ್ಡ ಪಂಡಿತರೂ ಅರ್ಧ ದಿನ ನಾರು ಹಿಡಿದು ಕೂತು, ಅಂಗೈ ತುರಿಸಿಕೊಳ್ಳುತ್ತ ಎದ್ದು ಹೋದದ್ದುಂಟು.

ಆ ಚಪ್ಪರಕ್ಕೆ ಒಂದು ಮಧ್ಯಾಹ್ನ ಕಲ್ಲುಕೆಲಸದ ಹಿರಿಯ ಬಮ್ಮೋಜ ಬಂದ. ಕೈಯಲ್ಲಿದ್ದ ಮೀಟುಗೋಲನ್ನು ಅಜ್ಜನವರ ಮುಂದೆ ನೆಲಕ್ಕೆ ಹಾಕಿದ.

“ನಾ ಹೊಂಟೆ ಅಜ್ಜಾರ. ಕಂಬ ಬ್ಯಾಡ, ಏನೂ ಬ್ಯಾಡ. ನಿಮ್ಮ ದೇವರಿಗೆ ದೀಪ ಬೇಕಾದರ ಅವನೇ ಬಂದು ನಿಲ್ಲಿಸಿಕೊಳ್ಳಲಿ.”

ಅವನ ದಣಿವು ಒಂದು ದಿನದ್ದಾಗಿರಲಿಲ್ಲ. ಗುಡಿಯ ಮುಂದೆ ನಿಲ್ಲಬೇಕಾದ ದೀಪಸ್ತಂಭ ಇಪ್ಪತ್ತಾರು ಮೊಳದ ಒಂದೇ ಕಲ್ಲು. ಬಂಡೆಗೆ ಸಾಲಾಗಿ ಕುಳಿ ಕೊರೆದು, ಒಣಮರದ ಬೆಣೆ ಬಡಿದು, ನೀರು ಹೊಯ್ದು, ಬೆಣೆ ಉಬ್ಬಿ ಬಂಡೆ ಬಿರಿದ ದಿನದಿಂದ ಎರಡು ವರ್ಷ ಕಳೆದಿತ್ತು. ದಿಮ್ಮಿಗಳ ಮೇಲೆ ಉರುಳಿಸುತ್ತ, ಹಿಂದೆ ಉಳಿದ ದಿಮ್ಮಿ ಎತ್ತಿ ತಂದು ಮುಂದೆ ಹಾಕುತ್ತ, ಗುಡ್ಡ ಬಳಸಿ ಬಂದಿದ್ದರು. ಕಂಬದ ಬುಡವನ್ನು ಗುಡಿಯ ಮುಂದೆ ತೋಡಿದ ಕುಳಿಯ ಅಂಚಿಗೆ ತಂದು, ತಲೆಯನ್ನು ಮಣ್ಣಿನ ಇಳಿಜಾರು ದಿಬ್ಬದ ಮೇಲೆ ಏರಿಸಿಯೂ ಆಗಿತ್ತು. ಇನ್ನು ಎದುರಿನಿಂದ ಅರವತ್ತು ಮಂದಿ ಎಳೆದರೆ ಕಂಬ ಎದ್ದು ನಿಲ್ಲಬೇಕು. ಆದರೆ ಎದ್ದ ಕಲ್ಲು ಎಳೆಯುವವರ ಮೇಲೆಯೇ ಬೀಳದಂತೆ ಹಿಂದಿನಿಂದ ತಡೆಹಗ್ಗ ಹಿಡಿಯಬೇಕು. ಅದನ್ನು ಗೂಟಕ್ಕೆ ಸುತ್ತಿ, ಸ್ವಲ್ಪ ಸ್ವಲ್ಪವೇ ಸಡಿಲ ಬಿಡುವ ನಾಲ್ವರಲ್ಲಿ ಮೊದಲ ಜಾಗ ಬಮ್ಮೋಜನ ತಮ್ಮ ದೇಕೋಜನದು. ಹಗ್ಗ ಸುತ್ತಿ ಆದಮೇಲೆ ಅವನು ಹೆಗಲ ವಲ್ಲಿಯನ್ನು ಮೇಲಕ್ಕೆತ್ತಿ ತೋರಿಸುವನು. ವಲ್ಲಿ ಕಂಡ ಮೇಲೆಯೇ ಬಮ್ಮೋಜ “ಎಳೀರೋ” ಎಂದು ಕೂಗಬೇಕು. ಅವರಪ್ಪನ ಕಾಲದಿಂದ ಬಂದ ಪದ್ಧತಿ ಅದು.

ನಲವತ್ತು ದಿನದ ಹಿಂದೆ ಎಳೆದಾಗ ತಡೆಹಗ್ಗ ಗೂಟದಿಂದ ಕಿತ್ತು ಚಿಮ್ಮಿ ದೇಕೋಜನ ಎದೆಗೆ ಬಡಿಯಿತು. ನೀರು ಕೇಳುವಷ್ಟೂ ಹೊತ್ತು ಅವನು ಉಳಿಯಲಿಲ್ಲ. ಕಂಬ ಅರ್ಧ ಎದ್ದು ಊರೆಗೋಲುಗಳ ಮೇಲೆ ವಾಲಿ ನಿಂತುಬಿಟ್ಟಿತು. ಹಗ್ಗ ಹಿಡಿದಾಗ ಸತ್ತವನ ಜಾಗದಲ್ಲಿ ವರ್ಷ ತುಂಬುವ ತನಕ ಬದುಕಿರುವವರು ನಿಲ್ಲಬಾರದೆಂಬುದು ಆ ಜನರ ಕಟ್ಟಳೆ. ಯಾರೂ ನಿಲ್ಲಲಿಲ್ಲ. ಇತ್ತ ಮಳೆಮೋಡ ಗುಡ್ಡಕ್ಕೆ ಬಂದು ಕೂತಿತ್ತು. ಒಂದು ದೊಡ್ಡ ಮಳೆ ಬಿದ್ದರೆ ಮಣ್ಣಿನ ದಿಬ್ಬ ಕುಸಿದು ಕಂಬ ಎರಡು ತುಂಡು. ಎರಡು ವರ್ಷದ ಬೆವರು, ಒಬ್ಬನ ಪ್ರಾಣ, ಎಲ್ಲ ಮಣ್ಣುಪಾಲು.

ಅಜ್ಜನವರು ಮೀಟುಗೋಲಿನ ಕಡೆ ನೋಡಲಿಲ್ಲ. ನಾರಿನ ತುದಿಯನ್ನು ಚಾಚಿ “ಹಿಡಿ” ಎಂದರು.

ಜಗಳಾಡಲೂ ತ್ರಾಣವಿರದ ಬಮ್ಮೋಜ ಹಿಡಿದು ಕೂತ. ಅಜ್ಜನವರು ಹೊಸೆಯುತ್ತ ಹೋದರು. ಹಗ್ಗ ಒಂದು ಮಾರು ಬೆಳೆಯಿತು. ಆಗ ತಲೆಯೆತ್ತದೆ ಕೇಳಿದರು:

“ದೇಕೋಜ ವಲ್ಲಿ ಎತ್ತಿದ್ದನೇನು?”

ಬಮ್ಮೋಜ ನಾರಿನ ತುದಿಯನ್ನು ನೆಲಕ್ಕೆ ಬಿಟ್ಟ. ಇದು ಅಜ್ಜನವರ ದಿವ್ಯದೃಷ್ಟಿಯೆಂದು ಭಕ್ತರು ಹೇಳುತ್ತಾರೆ. ಇರಬಹುದು; ಚಪ್ಪರದಿಂದ ಆ ಗೂಟ ನೇರ ಕಾಣುತ್ತಿತ್ತೆಂಬುದೂ ನಿಜವೇ. ನಲವತ್ತು ದಿನ ಊರೆಲ್ಲ “ವಿಧಿ, ವಿಧಿ” ಎಂದು ಅವನಿಗೆ ಸಮಾಧಾನ ಹೇಳಿತ್ತು. ಒಬ್ಬರೂ ಈ ಮಾತು ಕೇಳಿರಲಿಲ್ಲ.

“ಇಲ್ಲರಿ. ನಾ ಆ ಕಡೆ ನೋಡಲೇ ಇಲ್ಲ. ಸಾಕಾಗಿತ್ತು ಅಜ್ಜಾರ, ಮೈಯಾಗ ಜೀವ ಇರಲಿಲ್ಲ. ಲಗೂನ ಮುಗದರ ಸಾಕು ಅಂತ ಕೂಗಿಬಿಟ್ಟೆ.” ಅವನು ಮೊಣಕಾಲಿಗೆ ಮುಖ ಒತ್ತಿ ಅತ್ತ. “ನನ್ನ ತಮ್ಮನ್ನ ನಾನಽ ಕೊಂದೆ.”

ಅಜ್ಜನವರು ಅಳು ನಿಲ್ಲುವ ತನಕ ಕಾದರು. “ದಣಿವು ಸುಳ್ಳಲ್ಲಪಾ. ಏಳು, ನಡಿ” ಎಂದರು. ಹೊಸೆದಿಟ್ಟಿದ್ದ ಹಗ್ಗದ ಸುರುಳಿಯೊಂದನ್ನು ಹೆಗಲಿಗೇರಿಸಿ, ಒಂದೊಂದೇ ಹೆಜ್ಜೆ ಇಡುತ್ತ ಹೋಗಿ ಗೂಟದ ಬಳಿ ನಿಂತರು. ಎಂಬತ್ತು ದಾಟಿದ ದೇಹ. ಸುರುಳಿಯ ಭಾರಕ್ಕೇ ಬಾಗಿತ್ತು.

ಆಳುಗಳು ಹೌಹಾರಿದರು. “ಅಜ್ಜಾರ, ಬ್ಯಾಡ್ರಿ! ಅದು ಸತ್ತವನ ಜಾಗ!”

“ನಾನೂ ಸನ್ಯಾಸ ತಗೊಂಡವ. ನನ್ನ ಶ್ರಾದ್ಧ ನಾನಽ ಮಾಡಿಕೊಂಡು ಐವತ್ತು ವರ್ಷ ಆತು” ಎಂದರು ಅಜ್ಜನವರು. “ಈ ಹಗ್ಗ ಕಂಬಕ್ಕ ಬಿಗೀರಿ.”

ಆಳುಗಳು ದಾರಿ ಬಿಟ್ಟರು. ತಡೆಹಗ್ಗದ ಉಳಿದ ಮೂವರು ಬಂದು ತಮ್ಮ ತಮ್ಮ ಜಾಗ ಹಿಡಿದರು. ಹೊಸ ಹಗ್ಗವನ್ನು ಕಂಬದ ತಲೆಗೆ ಬಿಗಿದರು. ಎದುರಿನ ಅರವತ್ತು ಮಂದಿ ಎದ್ದು ಹೆಗಲು ಕೊಟ್ಟರು. ಬಮ್ಮೋಜ ದಿಬ್ಬದ ನೆತ್ತಿ ಹತ್ತಿದ.

ಅಜ್ಜನವರು ಸುತ್ತತೊಡಗಿದರು. ಒಂದು ಸುತ್ತು. ಬೆರಳು ನಿಲ್ಲದೆ ನಡುಗುತ್ತಿದ್ದವು. ಎರಡನೆಯ ಸುತ್ತು ಜಾರಿತು. ಬಿಚ್ಚಿ ಮೊದಲಿಂದ ಸುತ್ತಿದರು. ಅಷ್ಟರಲ್ಲಿ ದಪ್ಪ ಹನಿ ಬಿದ್ದವು. ಎಳೆಯುವವರ ಕಾಲಡಿಯ ಮಣ್ಣು ಕಪ್ಪಾಗತೊಡಗಿತು.

“ಮಳಿ ಬಂತು, ಕೂಗೋ ಬಮ್ಮಣ್ಣಾ!” ಎಂದ ಒಬ್ಬ. “ಕೂಗೋ ಮಾರಾಯಾ, ತೋಳು ಬಿದ್ದು ಹೋಗಾಕತ್ತಾವು!” ಎಂದ ಇನ್ನೊಬ್ಬ.

ಬಮ್ಮೋಜನ ಕಾಲೂ ಸೋತಿದ್ದವು. ಅಂದಿನಂತೆಯೇ ಗಂಟಲ ತುದಿಗೆ ಕೂಗು ಬಂದು ನಿಂತಿತ್ತು. ದಿಬ್ಬದ ಅಂಚಿನಿಂದ ಒಂದು ಹೆಂಟೆ ಕಳಚಿ ಉರುಳಿತು. ಅವನು ಹಲ್ಲು ಕಚ್ಚಿ ಆ ಮುದಿ ಕೈಗಳನ್ನೇ ನೋಡುತ್ತ ನಿಂತ. ಮೂರನೆಯ ಸುತ್ತು ಕೂತಿತು. ಅಜ್ಜನವರು ಹಗ್ಗವನ್ನು ಜಗ್ಗಿ ನೋಡಿದರು, ಮತ್ತೊಮ್ಮೆ ಜಗ್ಗಿದರು. ಆಮೇಲೆ ಹೆಗಲ ಮೇಲಿನ ಕಾವಿ ವಲ್ಲಿಯನ್ನು ತೆಗೆದು ನಿಧಾನವಾಗಿ ಮೇಲಕ್ಕೆತ್ತಿದರು.

“ಎಳೀರೋ!”

ಕಂಬ ನರಳುತ್ತ ಎದ್ದಿತು. ನೆಟ್ಟಗಾಗಿ ಮುಂದಕ್ಕೆ ವಾಲಬೇಕೆನ್ನುವಷ್ಟರಲ್ಲಿ ತಡೆಹಗ್ಗ ಬಿಗಿಯಿತು, ಗೂಟದಿಂದ ಹೊಗೆ ಎದ್ದಿತು, ಹಗ್ಗ ಗೇಣು ಗೇಣಾಗಿ ಸಡಿಲಾಯಿತು. ಬುಡ ಕುಳಿಯೊಳಗೆ ಕೂತ ಸದ್ದು ಎಲ್ಲರ ಅಂಗಾಲಿಗೆ ಕೇಳಿತು. ಯಾರೂ ಜಯಕಾರ ಹಾಕಲಿಲ್ಲ. ಕುಳಿಗೆ ಕಲ್ಲು ತುಂಬಿ ಜಡಿದು, ಆ ಮಳೆಯಲ್ಲೇ ನಿಂತಲ್ಲಿ ಕುಸಿದು ಮಲಗಿದರು.

ಬಮ್ಮೋಜ ಓಡಿ ಬಂದು ಅಜ್ಜನವರ ಪಾದಕ್ಕೆ ಬಿದ್ದ. ಅವರ ಅಂಗೈ ಸುಲಿದು ರಕ್ತ ಬಂದಿತ್ತು.

“ನನಗ ಹೇಳಿದ್ದು ಆತು. ಕೇಳಬೇಕಾದಾಕಿ ಅಲ್ಲಿ ಅದಾಳ” ಎಂದು ಅಜ್ಜನವರು ದೇಕೋಜನ ಮನೆಯತ್ತ ಕೈ ತೋರಿದರು.

ಬಮ್ಮೋಜ ಕೆಸರುಗಾಲಿನಲ್ಲೇ ಹೋದ. ತಮ್ಮನ ಹೆಂಡತಿ ಕಾಳವ್ವ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬನ್ನಿರೆಂದು ಕರೆದರೂ ಅವನು ಹೊಸ್ತಿಲು ದಾಟಲಿಲ್ಲ.

“ಅವ ವಲ್ಲಿ ಎತ್ತಿರಲಿಲ್ಲವ್ವಾ. ನಾನಽ ನೋಡದೆ ಕೂಗಿದೆ.”

ಕಾಳವ್ವ ಒಳಗೆ ಹೋದಳು. ಬಾಗಿಲು ಮುಚ್ಚುವಳೆಂದೇ ಅವನು ತಿಳಿದ. ಮುಚ್ಚಿದರೆ ನ್ಯಾಯವೇ ಎಂದುಕೊಂಡು ಮಳೆಯಲ್ಲಿ ನಿಂತೇ ಇದ್ದ. ಬಹಳ ಹೊತ್ತಿನ ಮೇಲೆ ಆಕೆ ಅಳುತ್ತಲೇ ಹೊರಗೆ ಬಂದಳು. ಕೈಯಲ್ಲಿ ಒಗೆದು ಮಡಿಚಿಟ್ಟಿದ್ದ ದೇಕೋಜನ ವಲ್ಲಿ ಇತ್ತು.

“ಇದನ್ನ ತಗೊಳ್ರಿ ಭಾವಾ,” ಎಂದಳು. “ಮುಂದಿನ ಕಂಬಕ್ಕ ತಡೆಹಗ್ಗ ಹಿಡಿಯಾವಗ ಕೊಡ್ರಿ. ಇದು ಏಳೂತನಕ ಕೂಗಬ್ಯಾಡ್ರಿ.”