ಫ್ಯಾನಿನ ಕೆಳಗಿನ ಕುರ್ಚಿ

“ಗುರುಗಳೇ, ಹೊಸಬರಲ್ಲಿ ಯಾರು ಬೆಳೆಯುತ್ತಾರೆ, ಯಾರು ನಡುವೆಯೇ ಉದುರಿಹೋಗುತ್ತಾರೆ ಎಂದು ಮೊದಲೇ ಕಾಣುವ ಕಣ್ಣಿದೆಯಲ್ಲ, ಅದಕ್ಕಿಂತ ದೊಡ್ಡ ವಿದ್ಯೆ ಬೇರೆ ಇದೆಯೇ?”

ಹೀಗೆ ಕೇಳಿದವನು ಚಲುವರಾಜ, ಗರಡಿ ಮನೆಯ ಹಿರಿಯ ಶಿಷ್ಯ. ಹೊಸದಾಗಿ ಸೇರಿದವರಿಗೆ ಸಾಮು ಕಲಿಸುವ ಕೆಲಸವನ್ನು ಗುರು ಬೊಮ್ಮಣ್ಣನವರು ಆ ವರ್ಷ ಅವನಿಗೇ ವಹಿಸಿದ್ದರು. ಬೊಮ್ಮಣ್ಣನವರು ಜಗಲಿಯ ಮೇಲೆ ಕೂತು ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಒಳಗಿನಿಂದ ಯಾರೋ ಬಸ್ಕಿ ಹೊಡೆಯುವ ಸದ್ದು ಬರುತ್ತಿತ್ತು.

“ನಿನಗೆ ಆ ಕಣ್ಣು ಬಂದುಬಿಟ್ಟಿದೆಯೇನು?” ಎಂದು ಗುರುಗಳು ಕೇಳಿದರು.

“ಬಂದಿದೆ ಅನ್ನಿಸುತ್ತದೆ. ಒಳಗೆ ಬಸ್ಕಿ ಹೊಡೆಯುತ್ತಿರುವ ಪುಟ್ಟಮಾದನನ್ನೇ ತೆಗೆದುಕೊಳ್ಳಿ. ಎಲ್ಲರೂ ಅವನನ್ನು ಹೊಗಳುತ್ತಾರೆ. ಆದರೆ ಮೇಲಕ್ಕೇಳುವಾಗ ಅವನ ಎಡ ಮಂಡಿ ಒಳಕ್ಕೆ ವಾಲುತ್ತದೆ. ದಸರಾ ಕುಸ್ತಿಯ ಹೊತ್ತಿಗೆ ಆ ಮಂಡಿ ಉಳಿದಿರುವುದಿಲ್ಲ. ಇದು ನನಗೆ ಯುಗಾದಿಗೇ ಕಂಡಿತ್ತು.”

ಗುರುಗಳು ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟರು. ಒಳಕ್ಕೆ ತಿರುಗಿ, “ಮಾದಾ, ಬಸ್ಕಿ ನಿಲ್ಲಿಸು. ಕಾಲು ಚಾಚಿಕೊಂಡು ಕೂತಿರು, ಬರುತ್ತೇನೆ” ಎಂದು ಕೂಗಿದರು. ಸದ್ದು ನಿಂತಿತು. ಆಮೇಲೆ ಚಲುವರಾಜನಿಗೆ ಹೇಳಿದರು:

“ನೀನೂ ಕೂತುಕೋ. ಕ್ರಿಕೆಟ್ಟಿನ ಕತೆ ಹೇಳುತ್ತೇನೆ. ಮುಖ ಸಿಂಡರಿಸಬೇಡ. ಪೈಲ್ವಾನ ಕ್ರಿಕೆಟ್ ಮಾತಾಡಬಾರದು ಅಂತ ಯಾವ ಶಾಸ್ತ್ರದಲ್ಲಿದೆ?”

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನಿಗೆ ಮೂವರು ಗೆಳೆಯರು. ಒಬ್ಬ ವಕೀಲ, ಒಬ್ಬ ಮೇಷ್ಟರು, ಒಬ್ಬ ಔಷಧಿ ಅಂಗಡಿಯವನು. ನಾಲ್ವರಲ್ಲಿ ಯಾರೂ ಬ್ಯಾಟು ಹಿಡಿದವರಲ್ಲ. ಆದರೂ ನಾಲ್ವರಿಗೂ ಒಂದೊಂದು ಕ್ರಿಕೆಟ್ ತಂಡ ಇತ್ತು. ಅದು ಹೇಗೆ ಅಂತೀಯಾ? ಬರೀ ಬಾಯಿಮಾತಿನ ತಂಡ. ಎಲ್ಲೋ ನಿಜವಾಗಿ ಆಡುವವನ ಹೆಸರು ಹಿಡಿದು ‘ಇವನು ನನ್ನವನು’ ಎನ್ನುವುದು. ಅವನು ಅಲ್ಲಿ ರನ್ ಹೊಡೆದರೆ, ವಿಕೆಟ್ ತೆಗೆದರೆ, ಇಲ್ಲಿ ಇವನಿಗೆ ಅಂಕ. ವರ್ಷದ ಕೊನೆಗೆ ಯಾರ ಅಂಕ ಹೆಚ್ಚೋ ಅವನು ಗೆದ್ದ. ಈಗ ಊರೆಲ್ಲ ಮೊಬೈಲಿನಲ್ಲಿ ಆಡುತ್ತದಲ್ಲ, ಅಂಥದ್ದೇ. ಆದರೆ ಮೊಬೈಲಿನವರ ತಂಡ ಪಂದ್ಯದ ಜೊತೆಗೇ ಮುಗಿಯುತ್ತದೆ. ಇವರದು ಮುಗಿಯುತ್ತಿರಲಿಲ್ಲ. ಒಮ್ಮೆ ಹಿಡಿದ ಹುಡುಗ ವರ್ಷಗಟ್ಟಲೆ ಹಿಡಿದವನ ಪಾಲು. ತಾನಾಗಿ ಬಿಡಬೇಕು, ಇಲ್ಲವೇ ಗೆಳೆಯನಿಗೆ ಕೊಟ್ಟು ಅವನಿಂದ ಇನ್ನೊಬ್ಬನನ್ನು ತೆಗೆದುಕೊಳ್ಳಬೇಕು.

ಹಣ ಕಟ್ಟುತ್ತಿರಲಿಲ್ಲ. ಗೆದ್ದವನಿಗೆ ಸಿಗುತ್ತಿದ್ದದ್ದು ಒಂದು ಕುರ್ಚಿ. ಸಂಜೆ ಕಾಫಿಗೆ ಸೇರುತ್ತಿದ್ದ ಹೋಟೆಲಿನಲ್ಲಿ ಇದ್ದದ್ದು ಒಂದೇ ಫ್ಯಾನು. ಅದರ ಕೆಳಗಿನ ಕುರ್ಚಿಯಲ್ಲಿ ವರ್ಷವಿಡೀ ಗೆದ್ದವನೇ ಕೂರಬೇಕು, ಉಳಿದವರು ಬೆವರು ಒರೆಸಿಕೊಳ್ಳಬೇಕು. ನಗಬೇಡ. ಆ ಕುರ್ಚಿಗಾಗಿ ಆ ದೊಡ್ಡ ಮನುಷ್ಯರು ತಿಂಗಳುಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದೆ ಇದ್ದದ್ದೂ ಉಂಟು.

ಹೆಸರು ಮಾಡಿದ ಆಟಗಾರರೆಲ್ಲ ಆಗಲೇ ಯಾರಾದರೊಬ್ಬರ ಪಾಲಾಗಿದ್ದರು. ಕುರ್ಚಿ ಬೇಕಾದರೆ ಇನ್ನೂ ಯಾರಿಗೂ ಗೊತ್ತಿಲ್ಲದ ಎಳೆಯರನ್ನು ಹುಡುಕಬೇಕು. ಕಾಲೇಜು ಮೈದಾನ, ತಾಲ್ಲೂಕು ಪಂದ್ಯ, ಜಿಲ್ಲಾ ಪಂದ್ಯ ಎಂದು ಬಿಸಿಲಿನಲ್ಲಿ ಅಲೆಯಬೇಕು. ಇವತ್ತು ಹರಕು ಮ್ಯಾಟಿನ ಮೇಲೆ ಆಡುತ್ತಿರುವವನು ನಾಳೆ ರಾಜ್ಯ ತಂಡಕ್ಕೆ, ನಾಡಿದ್ದು ಅದಕ್ಕಿಂತ ಮೇಲಕ್ಕೆ ಹೋದರೆ, ಮೊದಲು ಹಿಡಿದವನಿಗೆ ಹಬ್ಬವೋ ಹಬ್ಬ. ಈ ಕೆಲಸದಲ್ಲಿ ವ್ಯಾಪಾರಿಯನ್ನು ಮೀರಿಸುವವರಿರಲಿಲ್ಲ. ಬೆಲ್ಲದ ಅಚ್ಚನ್ನು ಒಡೆಯದೆಯೇ ಒಳಗೆ ಗಟ್ಟಿಯೋ ಮೆತ್ತಗೋ ಹೇಳುತ್ತಿದ್ದವನು ಅವನು. ಹುಡುಗರನ್ನೂ ಹಾಗೇ ನೋಡುತ್ತಿದ್ದ.

ಅವರ ಆಟಕ್ಕೆ ಕಟ್ಟುನಿಟ್ಟಾದ ನಿಯಮ ಒಂದೇ. ಹಿಡಿದ ಹುಡುಗನ ಜೊತೆ ಮಾತಾಡುವಂತಿಲ್ಲ. ಮಾತಾಡಿದರೆ ಅವನಿಗೆ ಎಲ್ಲಿ ನೋವು, ಏನು ತೊಂದರೆ ಎಂಬ ಒಳಗಿನ ಸುದ್ದಿ ಸಿಕ್ಕಿಬಿಡುತ್ತದೆ, ಅದು ಮೋಸ. ದೂರದಿಂದ ಕಣ್ಣಿಗೆ ಕಂಡಿದ್ದಷ್ಟೇ ನ್ಯಾಯ. ಮಾತಾಡಿದ್ದು ತಿಳಿದರೆ ಆ ಹುಡುಗ ಕೈತಪ್ಪಿಹೋಗುತ್ತಾನೆ. ಎಷ್ಟು ಧರ್ಮಿಷ್ಠರು ನೋಡು!

ಒಂದು ದಿನ ವ್ಯಾಪಾರಿಯ ಕಣ್ಣಿಗೆ ಒಬ್ಬ ವೇಗದ ಬೌಲರ್ ಬಿದ್ದ. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಓಡಿಬಂದು ಚೆಂಡು ಬಿಟ್ಟನೆಂದರೆ ಆಚೆ ಕಡೆಯವನ ಬ್ಯಾಟು ಮೇಲಕ್ಕೇಳುವ ಮೊದಲೇ ಸ್ಟಂಪು ಹಾರುತ್ತಿತ್ತು. ವ್ಯಾಪಾರಿ ಅವತ್ತೇ ಅವನನ್ನು ಹಿಡಿದ. ಗೆಳೆಯರು ‘ಯಾರೋ ಇವನು?’ ಎಂದು ನಕ್ಕರು. ನಗಲಿ ಎಂದು ಇವನು ಬಾಯಿ ಮುಚ್ಚಿಕೊಂಡಿದ್ದ.

ಅಲ್ಲಿಂದ ಮುಂದೆ ಆ ಹುಡುಗ ಎಲ್ಲಿ ಆಡಿದರೂ ಗೆರೆಯಾಚೆ, ಮರದ ಕೆಳಗೆ, ಕರೀ ಕೊಡೆ ಹಿಡಿದು ವ್ಯಾಪಾರಿ ನಿಂತಿರುತ್ತಿದ್ದ. ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬರುತ್ತಿದ್ದ. ಮಗಳ ಮದುವೆ ಮಾತುಕತೆಯ ದಿನವೂ ಬಂದಿದ್ದ. ಒಮ್ಮೆ ಚೆಂಡು ಉರುಳಿಕೊಂಡು ಅವನ ಕಾಲ ಬಳಿಗೇ ಬಂತು. ಹುಡುಗ ಓಡಿಬಂದು, ಏದುಸಿರು ಬಿಡುತ್ತಾ, “ನಮಸ್ಕಾರ ಸಾರ್” ಎಂದ. ವ್ಯಾಪಾರಿ ಚೆಂಡು ಕೊಟ್ಟು ಮುಖ ಆಚೆ ತಿರುಗಿಸಿದ. ನಿಯಮ ನಿಯಮವೇ ಅಲ್ಲವೇ.

ಹೀಗೆ ವರ್ಷಗಳು ಹೋದವು. ಹುಡುಗ ಜಿಲ್ಲೆಯಲ್ಲಿ ಹೆಸರು ಮಾಡಿದ. ನಗುತ್ತಿದ್ದ ಗೆಳೆಯರು ಈಗ ಅವನನ್ನು ಕೊಡು ಕೊಡು ಎಂದು ಪೀಡಿಸತೊಡಗಿದರು. ಆಗ ಒಂದು ಮಧ್ಯಾಹ್ನ ವ್ಯಾಪಾರಿಗೆ ಬೇರೇನೋ ಕಂಡಿತು. ಹುಡುಗ ಶೂ ಲೇಸು ಕಟ್ಟಲು ಬಗ್ಗಲಿಲ್ಲ. ಮೈದಾನದ ರೋಲರಿನ ಮೇಲೆ ಕಾಲಿಟ್ಟು ಕಟ್ಟಿಕೊಂಡ. ವ್ಯಾಪಾರಿ ಕಣ್ಣು ಕಿರಿದು ಮಾಡಿ ನೋಡಿದ. ಚೆಂಡು ಬಿಡುವ ಹೊತ್ತಿಗೆ ಎಡಗಾಲು ಒಂದು ಗೇಣು ಅಡ್ಡ ಬೀಳುತ್ತಿತ್ತು. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ. ಹಿಂಡಿದ ಬಟ್ಟೆಯಂತೆ ಬೆನ್ನು ತಿರುಚಿಕೊಳ್ಳುತ್ತಿತ್ತು. ಈ ಬೆನ್ನು ಬಹಳ ದಿನ ಬಾಳುವುದಿಲ್ಲ ಎಂದು ಅವನಿಗೆ ಆ ಕ್ಷಣವೇ ತಿಳಿಯಿತು.

ಕೋಚ್ ಇರಲಿಲ್ಲವೇ ಎಂದು ನೀನು ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತೇನೆ, ಇದ್ದ. ಅವನಿಗೆ ವಿಕೆಟ್ ಬೀಳುತ್ತಿದ್ದರೆ ಸಾಕಾಗಿತ್ತು. ಬೀಳುತ್ತಿತ್ತು.

ವ್ಯಾಪಾರಿ ಕಲ್ಲೆದೆಯವನಲ್ಲ. ಮನೆಗೆ ಬಂದವನಿಗೆ ಊಟ ಸೇರಲಿಲ್ಲ. ಹುಡುಗನಿಗೆ ಹೇಳಿದರೆ ಬೆನ್ನು ಉಳಿಯುತ್ತದೆ, ಆದರೆ ಇಷ್ಟು ವರ್ಷ ಸಾಕಿದ ಹುಡುಗ ಕೈತಪ್ಪುತ್ತಾನೆ. ಹೇಳದಿದ್ದರೆ ಹುಡುಗನೂ ಇಲ್ಲ, ಅಂಕವೂ ಇಲ್ಲ. ‘ಸಾಕಿದ’ ಎಂದೇ ಅವನು ಮನಸ್ಸಿನಲ್ಲಿ ಅಂದುಕೊಂಡಿದ್ದು. ಒಂದು ಲೋಟ ಮಜ್ಜಿಗೆಯನ್ನಾದರೂ ಕೊಟ್ಟಿದ್ದನೇ? ಇಲ್ಲ. ಕೊನೆಗೆ ಬುದ್ಧಿವಂತರಿಗೆ ಹೊಳೆಯುವ ಮೂರನೇ ದಾರಿ ಹೊಳೆಯಿತು. ಮರುದಿನ ಹೋಟೆಲಿನಲ್ಲಿ ಔಷಧಿ ಅಂಗಡಿಯವನಿಗೆ, “ನೀನು ಇಷ್ಟು ಕೇಳುತ್ತೀಯ ಅಂತ ಕೊಡುತ್ತಿದ್ದೇನೆ, ಹೊಟ್ಟೆ ಉರಿಯುತ್ತದೆ” ಎಂದು ಆ ಬೌಲರನ್ನು ಕೊಟ್ಟ. ಬದಲಿಗೆ ಅವನ ಒಳ್ಳೆಯ ಬ್ಯಾಟ್ಸ್‌ಮನ್ ಒಬ್ಬನನ್ನು ತೆಗೆದುಕೊಂಡ. ಔಷಧಿ ಅಂಗಡಿಯವನು ಖುಷಿಯಿಂದ ಎಲ್ಲರಿಗೂ ಮೈಸೂರುಪಾಕ್ ತರಿಸಿದ. ವ್ಯಾಪಾರಿಯೂ ತಿಂದ.

ಇನ್ನು ಆ ಮೈದಾನದಲ್ಲಿ ಅವನಿಗೇನು ಕೆಲಸ? ಕೊಡೆ ಹಿಡಿದು ಬೇರೆ ಮೈದಾನಕ್ಕೆ ಹೋದ.

ಮಳೆಗಾಲ ಬರುವ ಮೊದಲೇ ಸುದ್ದಿ ಬಂತು. ಹುಡುಗ ಒಂದು ಪಂದ್ಯದಲ್ಲಿ ಹಿಂದೆಂದೂ ಹಾಕದ ವೇಗದಲ್ಲಿ ಹಾಕಿದನಂತೆ. ನಡುವೆ ಒಂದು ಚೆಂಡು ಬಿಟ್ಟು ಬಿದ್ದವನು ಏಳಲಿಲ್ಲವಂತೆ. ಬಾಗಿಲಿನ ಹಲಗೆಯ ಮೇಲೆ ಮಲಗಿಸಿಕೊಂಡು ಹೋದರಂತೆ. ಔಷಧಿ ಅಂಗಡಿಯವನು ತಲೆ ಚಚ್ಚಿಕೊಂಡ. ವಕೀಲ ವ್ಯಾಪಾರಿಯ ಬೆನ್ನು ತಟ್ಟಿ, “ಎಂಥ ಕಣ್ಣಯ್ಯಾ ನಿನ್ನದು! ಒಡೆಯುವ ಮೊದಲೇ ದಾಟಿಸಿದೆಯಲ್ಲ” ಎಂದ. ವ್ಯಾಪಾರಿ ನಕ್ಕ. ಆ ವರ್ಷ ಫ್ಯಾನಿನ ಕೆಳಗಿನ ಕುರ್ಚಿ ಅವನಿಗೇ ಬಂತು.

ಮರುವರ್ಷದ ಬೇಸಿಗೆ. ವ್ಯಾಪಾರಿ ಒಬ್ಬನೇ ಆ ಕುರ್ಚಿಯಲ್ಲಿ ಕೂತಿದ್ದ, ಗೆಳೆಯರು ಇನ್ನೂ ಬಂದಿರಲಿಲ್ಲ. ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದುಕೊಂಡ ಒಬ್ಬ ಯುವಕ ಗೋಡೆ ಹಿಡಿದು ಒಳಗೆ ಬಂದ. ನಿಂತುಕೊಂಡೇ ಕಾಫಿ ತೆಗೆದುಕೊಂಡ. ಇವನನ್ನು ನೋಡಿದವನೇ ಮುಖವರಳಿಸಿಕೊಂಡು ಹತ್ತಿರ ಬಂದ.

“ಸಾರ್, ನನ್ನ ಗುರುತು ಸಿಕ್ಕಿತಾ? ಮರದ ಕೆಳಗೆ ಕೊಡೆ ಹಿಡಿದು ನಿಲ್ಲುತ್ತಿದ್ದಿರಲ್ಲ, ನಾನು ಸಾರ್.”

ವ್ಯಾಪಾರಿ ಗಡಬಡಿಸಿ ಎದ್ದ. “ಬಾಪ್ಪ, ಇಲ್ಲಿ ಕೂತುಕೋ” ಎಂದು ಕುರ್ಚಿ ತೋರಿಸಿದ.

“ಕೂರಲು ಆಗುವುದಿಲ್ಲ ಸಾರ್. ನಿಂತರೆ ಪರವಾಗಿಲ್ಲ” ಎಂದು ಯುವಕ ಮಾತು ಮುಂದುವರಿಸಿದ. “ನೀವು ಆಯ್ಕೆ ಸಮಿತಿಯವರು ಅಂತ ನಮ್ಮ ತಂಡದವರೆಲ್ಲ ಹೇಳುತ್ತಿದ್ದರು. ಮಾತಾಡಿಸಿದರೂ ಮಾತಾಡುತ್ತಿರಲಿಲ್ಲವಲ್ಲ, ಅದಕ್ಕೇ ನಮಗೆ ಖಾತ್ರಿಯಾಗಿತ್ತು. ನನಗೆ ಬೆನ್ನು ಆಗಲೇ ನೋಯುತ್ತಿತ್ತು ಸಾರ್. ಯಾರಿಗೂ ಹೇಳಲಿಲ್ಲ, ನಿಮ್ಮ ಕಿವಿಗೆ ಬಿದ್ದರೆ ಅಂತ ಹೆದರಿಕೆ. ಆಮೇಲೆ ನೀವು ಬರುವುದನ್ನೇ ನಿಲ್ಲಿಸಿದಿರಿ. ನನ್ನ ವೇಗ ಸಾಲಲಿಲ್ಲ ಅಂದುಕೊಂಡೆ. ಇನ್ನೂ ಜೋರಾಗಿ ಹಾಕಿದರೆ ಸುದ್ದಿ ಕೇಳಿ ಮತ್ತೆ ಬರುತ್ತೀರಿ ಅಂತ ಜೀವ ಬಿಟ್ಟು ಹಾಕಿದೆ. ಇರಲಿ ಬಿಡಿ, ಮುಗಿಯಿತು. ಒಂದೇ ಒಂದು ಹೇಳಿ ಸಾರ್, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಿಮಗೆ ನನ್ನಲ್ಲಿ ಕಂಡ ತಪ್ಪು ಏನು?”

ವ್ಯಾಪಾರಿ ಸುಳ್ಳು ಹೇಳಬಹುದಿತ್ತು. ಹೇಳಲು ನಾಲಗೆ ಬರಲಿಲ್ಲ.

“ಎಡಗಾಲು ಒಂದು ಗೇಣು ಅಡ್ಡ ಬೀಳುತ್ತಿತ್ತು ಕಣಪ್ಪ. ನೇರ ಇಟ್ಟಿದ್ದರೆ ಬೆನ್ನಿಗೆ ಪೆಟ್ಟು ಬೀಳುತ್ತಿರಲಿಲ್ಲ.”

ಯುವಕ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟ. ಒಂದು ಕೈಯಿಂದ ಗೋಡೆ ಹಿಡಿದುಕೊಂಡು ತನ್ನ ಎಡಗಾಲನ್ನು ನೋಡಿದ. ಅದನ್ನು ನಿಧಾನವಾಗಿ ಒಂದು ಗೇಣು ಆಚೆಗೆ ಸರಿಸಿದ.

“ಇಷ್ಟೇನಾ ಸಾರ್?” ಎಂದ.

ಅವನು ಬೈಯಲಿಲ್ಲ ಕಣೋ, ಚಲುವಾ. ಬೈದಿದ್ದರೆ, ಆ ಲೋಟ ಎತ್ತಿ ಮುಖಕ್ಕೆ ಎಸೆದಿದ್ದರೆ, ವ್ಯಾಪಾರಿ ಹೇಗೋ ಬದುಕಿಕೊಳ್ಳುತ್ತಿದ್ದ. ಯುವಕ, “ಹೇಳಿದ್ದಕ್ಕೆ ಥ್ಯಾಂಕ್ಸ್ ಸಾರ್” ಎಂದು ಮತ್ತೆ ಗೋಡೆ ಹಿಡಿದು ಹೊರಗೆ ಹೋದ. ತಾನು ಯಾವ ಸಮಿತಿಯವನೂ ಅಲ್ಲ ಎಂದು ಹೇಳುವ ಧೈರ್ಯವೂ ವ್ಯಾಪಾರಿಗೆ ಬರಲಿಲ್ಲ.

ಅವನು ಆ ಆಟ ಬಿಟ್ಟ, ಯುವಕನಿಗೆ ದಾರಿ ಮಾಡಿಕೊಟ್ಟ, ಇಬ್ಬರೂ ಸುಖವಾಗಿದ್ದರು ಎಂದು ಕತೆ ಮುಗಿಸಿದರೆ ನಿನಗೆ ಸಮಾಧಾನವಾಗುತ್ತದೆ, ಅಲ್ಲವೇ? ಅದು ನನ್ನ ಹತ್ತಿರ ಇಲ್ಲಪ್ಪ. ಮುರಿದ ಬೆನ್ನನ್ನು ಯಾರು ತಂದುಕೊಡುತ್ತಾರೆ? ವ್ಯಾಪಾರಿ ಆಮೇಲೆ ಒಂದೆರಡು ಸಲ ಮೈದಾನಕ್ಕೆ ಹೋದ, ಇನ್ನಾದರೂ ಹುಡುಗರಿಗೆ ಹೇಳೋಣ ಎಂದು. ಅವನ ಕರೀ ಕೊಡೆ ಕಂಡಕೂಡಲೇ ಹುಡುಗರು ‘ಸಮಿತಿಯವರು ಬಂದರು’ ಎಂದು ಪಿಸುಗುಟ್ಟಿ ಇನ್ನೂ ಜೋರಾಗಿ ಓಡಿಬಂದು ಹಾಕತೊಡಗಿದರು. ಅವನಿಗೆ ದಿಗಿಲಾಗಿ, ಕೊಡೆ ಮಡಿಚಿಕೊಂಡು ಮನೆಗೆ ಓಡಿಬಂದ. ಸಂಜೆ ಗೆಳೆಯರು ಬಿಡುತ್ತಿರಲಿಲ್ಲ, ಮುಂದೆ ಯಾರು ಗೆದ್ದರೂ ‘ಆ ಕಣ್ಣಿಗೇ ಈ ಕುರ್ಚಿ’ ಎಂದು ಕೈಹಿಡಿದು ಎಳೆದು ಗೆದ್ದವನ ಕುರ್ಚಿಯಲ್ಲೇ ಕೂರಿಸುತ್ತಿದ್ದರು. ಫ್ಯಾನಿನ ಕೆಳಗೆ ಕೂತು ಅವನು ಬೆವರುತ್ತಿದ್ದ. ಸಾಯುವವರೆಗೂ ಹಾಗೇ ಬೆವರಿದ.

ಗುರುಗಳು ಕತೆ ನಿಲ್ಲಿಸಿ ಎಣ್ಣೆಯ ಬಟ್ಟಲನ್ನು ಕೈಗೆತ್ತಿಕೊಂಡರು. ಚಲುವರಾಜ ನಿಟ್ಟುಸಿರು ಬಿಟ್ಟು, “ಎಂಥ ಮನುಷ್ಯ ಗುರುಗಳೇ! ಬಾಯಿ ಬಿಟ್ಟು ಒಂದು ಮಾತು ಹೇಳಲು ಅವನಿಗೆ ಏನಾಗಿತ್ತು?” ಎಂದ.

ಗುರುಗಳು ಪುಟ್ಟಮಾದ ಕೂತಿದ್ದ ಕಡೆಗೆ ಹೊರಟವರು ಬಾಗಿಲಲ್ಲಿ ನಿಂತರು.

“‘ಚಲುವಣ್ಣ ಯುಗಾದಿಯಿಂದ ನನ್ನನ್ನೇ ನೋಡುತ್ತಿದ್ದಾರೆ, ಅದಕ್ಕೇ ಬಸ್ಕಿ ದುಪ್ಪಟ್ಟು ಮಾಡಿದ್ದೇನೆ’ ಎಂದು ನಿನ್ನೆ ಮಾದ ನನ್ನ ಹತ್ತಿರ ಹೇಳಿಕೊಂಡು ಹಿಗ್ಗಿದ ಕಣೋ.”