ಯಾಕಾಮೆ ದಾಟಿದ ಕಲ್ಲುಗಳು

ಪಪುವಾದ ನಡುನಾಡಿನ ಬೆಟ್ಟಸಾಲಿನಲ್ಲಿ, ಬೆಳಗಿನ ಮೋಡ ಕಾಲ ಕೆಳಗೆ ಮಲಗಿರುವಷ್ಟು ಎತ್ತರದಲ್ಲಿ, ಕೆಯಾಲಿ ಎಂಬ ಊರಿದೆ. ಅಲ್ಲಿಗೆ ರಸ್ತೆಯಿಲ್ಲ. ಇಳಿಜಾರಿನ ಹುಲ್ಲುಗಾವಲೊಂದರಲ್ಲಿ ಪುಟ್ಟ ವಿಮಾನ ಇಳಿಯುತ್ತದೆ, ಅದೂ ಮೋಡಕ್ಕೆ ಮನಸ್ಸು ಬಂದ ದಿನ. ಆಸ್ಪತ್ರೆ ಎಂದು ಬರೆದ ತಗಡಿನ ಕೋಣೆಗೆ ಬೀಗ ಬಿದ್ದು ಬಹಳ ಕಾಲವಾಯಿತು. ಉಪ್ಪು, ಸಾಬೂನು, ಸೀಮೆಎಣ್ಣೆ ಏನು ಬೇಕಿದ್ದರೂ ಹೆಂಗಸರು ಕಣಿವೆಗಿಳಿದು, ಹಣೆಯಿಂದ ಬೆನ್ನಿಗೆ ಇಳಿಬಿಟ್ಟ ಬಲೆಚೀಲಗಳಲ್ಲಿ ಹೊತ್ತು ತರಬೇಕು. ಇಷ್ಟು ಕಷ್ಟಪಟ್ಟು ಇಲ್ಲೇಕೆ ಇದ್ದೀರಿ, ಕೆಳಗೆ ಹೋಗಿ ಸುಖವಾಗಿ ಇರಬಾರದೆ ಎಂದು ಬುದ್ಧಿ ಹೇಳಲು ಬಂದವರೊಡನೆ ಊರಿನವರು ವಾದಕ್ಕಿಳಿಯುವುದಿಲ್ಲ. ಊರ ತುದಿಯ ದಿಣ್ಣೆಗೆ ಕರೆದೊಯ್ದು ಒಂದು ಗುಂಡಿಯನ್ನು ತೋರಿಸುತ್ತಾರೆ. ಅದರ ತುಂಬ ಹೊಗೆ ಕುಡಿದು ಕಪ್ಪಾದ ಉರುಟು ಕಲ್ಲುಗಳು. ಪಕ್ಕದಲ್ಲೇ ತುಕ್ಕು ಹಿಡಿದ ಕಬ್ಬಿಣದ ಗೂಟಗಳ ಒಂದು ರಾಶಿ, ಅದರ ಮೇಲೆ ಹಬ್ಬಿದ ಅವರೆ ಬಳ್ಳಿ. ಆ ದಿಣ್ಣೆಗೆ ಅವರ ಮಾತಿನಲ್ಲಿರುವ ಹೆಸರಿನ ಅರ್ಥ ‘ಯಾಕಾಮೆ ದಾಟಿದ ಕಲ್ಲುಗಳು’ ಎಂದು.

ಹಿಂದೆ ಒಮ್ಮೆ, ಕಬ್ಬಿಣವೆಂಬುದನ್ನೇ ಆ ಬೆಟ್ಟಗಳು ಕಾಣದಿದ್ದ ಕಾಲದಲ್ಲಿ, ಯಾಕಾಮೆ ಎಂಬ ಹೆಂಗಸು ಕೆಯಾಲಿಯಲ್ಲಿ ಇದ್ದಳಂತೆ. ಹುಟ್ಟಿದ್ದು ಕೆಳಗಿನ ಕಣಿವೆಯಲ್ಲಿ. ಮದುವೆಯಾಗಿ ಬೆಟ್ಟ ಹತ್ತಿದವಳು ಗಂಡನನ್ನೂ ಒಬ್ಬ ಮಗಳನ್ನೂ ಇಲ್ಲಿಯ ಮಣ್ಣಿಗೇ ಕೊಟ್ಟಿದ್ದಳು. ಗೆಣಸಿನ ಏರಿಗಳನ್ನು ಕೋಲಿನಿಂದ ಅಗೆದು ಅಗೆದು ಅವಳ ಬೆನ್ನು ಬಾಗಿತ್ತು. ನಾಲಿಗೆ ಮಾತ್ರ ನೆಟ್ಟಗೇ ಇತ್ತು. ಭೂಮಿ ಯಾರದು ಎಂದು ಕೇಳಿದರೆ ಗಂಡಸರು ತಮ್ಮ ಅಜ್ಜ ಮುತ್ತಜ್ಜಂದಿರ ಹೆಸರು ಹೇಳುತ್ತಿದ್ದರು. ಅಗೆದವಳ ಹೆಸರು ಆ ಸಾಲಿನಲ್ಲಿ ಬರುತ್ತಿರಲಿಲ್ಲ.

ಆ ಸೀಮೆಯಲ್ಲಿ ಅಡುಗೆ ನೆಲದೊಳಗೆ ಆಗುತ್ತದೆ. ಕಲ್ಲುಗಳನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಗುಂಡಿಯಲ್ಲಿ ಎಲೆ ಹಾಸಿ, ಗೆಣಸು, ಸೊಪ್ಪು, ಹಬ್ಬವಾದರೆ ಹಂದಿಯ ಮಾಂಸ ಇಟ್ಟು, ಕಾದ ಕಲ್ಲು ಹೇರಿ ಮುಚ್ಚುತ್ತಾರೆ. ಎಲ್ಲ ಕಲ್ಲೂ ಆ ಶಾಖ ತಡೆಯುವುದಿಲ್ಲ, ಸಿಡಿದು ಹೋಗುತ್ತವೆ. ಸಿಡಿಯದೆ ಉಳಿದವು ಒಂದು ಊರಿಗೆ ತಲೆಮಾರುಗಳ ಆಸ್ತಿ. ಆದ್ದರಿಂದ ಅಲ್ಲೊಂದು ಕಟ್ಟಳೆಯಿತ್ತು: ಕಲ್ಲು ಎಲ್ಲಿದೆಯೋ ಊರು ಅಲ್ಲಿದೆ. ಜನರು ತಮ್ಮ ಕಲ್ಲುಗಳನ್ನು ಇನ್ನೊಬ್ಬರ ಗುಂಡಿಗೆ ಹಾಕಿದರೆ, ಬಿಟ್ಟುಬಂದ ನೆಲವೂ ಆ ಇನ್ನೊಬ್ಬರಿಗೆ ಸೇರುತ್ತದೆ. ಗಂಡಸರು ಹಾಕಿಟ್ಟ ಇನ್ನೊಂದು ಕಟ್ಟಳೆಯೂ ಇತ್ತು. ಹೆಣ್ಣು ದಾಟಿದ ವಸ್ತು ಮೈಲಿಗೆ. ಅದನ್ನು ಮುಟ್ಟಿದ, ಅದರಲ್ಲಿ ಬೆಂದದ್ದನ್ನು ತಿಂದ ಗಂಡಸಿನ ಹೊಟ್ಟೆ ಊದುತ್ತದೆ, ತೋಳು ಬತ್ತುತ್ತದೆ, ಅವನು ಸಾಯುತ್ತಾನೆ. ಬಿಲ್ಲಿರಲಿ, ಕೊಡಲಿಯಿರಲಿ, ಬೀದಿಯಲ್ಲಿ ಬಿದ್ದ ಕೋಲೇ ಇರಲಿ, ಹೆಂಗಸರು ಸುತ್ತಿ ಬಳಸಿ ನಡೆಯಬೇಕಾಗಿತ್ತು. ಹೀಗೆ ಸುತ್ತಿ ನಡೆದೇ ಅವರ ಆಯುಷ್ಯದಲ್ಲಿ ಅರ್ಧ ಸವೆಯುತ್ತಿತ್ತು ಎಂದು ಕೆಯಾಲಿಯ ಮುದುಕಿಯರು ಇಂದಿಗೂ ನಗುತ್ತಾರೆ.

ಒಂದು ವರ್ಷ ಇಬ್ಬನಿ ಹೆಪ್ಪುಗಟ್ಟಿತು. ಬೆಳಗಾಗುವಷ್ಟರಲ್ಲಿ ಗೆಣಸಿನ ಬಳ್ಳಿಗಳೆಲ್ಲ ಬೆಂಕಿ ತಗುಲಿದಂತೆ ಕರಕಲಾಗಿದ್ದವು. ಮಾರನೆಯ ತಿಂಗಳು ಮತ್ತೆ ಹಾಗೇ ಆಯಿತು. ಹಂದಿಗಳು ಬಡಕಲಾದವು, ಮಕ್ಕಳು ಅಳುವುದನ್ನೂ ಬಿಟ್ಟರು. ಆಗ ತುಂಬಿ ಎಂಬ ಕಣಿವೆಯ ಮುಖಂಡ ತನ್ನ ಜನರೊಂದಿಗೆ ಬೆಟ್ಟ ಹತ್ತಿ ಬಂದ. ಅವನು ಯಾಕಾಮೆಯ ಒಡಹುಟ್ಟಿದ ಅಣ್ಣ. ಕಣಿವೆಯಲ್ಲಿ ಗೆಣಸಿದೆ, ನೆರಳಿದೆ, ಕಲ್ಲು ಹೊತ್ತುಕೊಂಡು ಬಂದುಬಿಡಿ ಎಂದು ಕಣ್ಣಲ್ಲಿ ನೀರು ತಂದುಕೊಂಡು ಕರೆದ. ಕೆಯಾಲಿಯ ಹಿರಿಯ, ಯಾಕಾಮೆಯ ಮೈದುನ ಪೊಂಡೋ, ಹಸಿದವರ ಮುಖ ನೋಡಿ ಒಪ್ಪಿಕೊಂಡ. ತವರಿಗೆ ಹೋಗುವ ಯೋಗ ಬಂತಲ್ಲ ಎಂದು ಎಲ್ಲರೂ ಯಾಕಾಮೆಯನ್ನು ಅಭಿನಂದಿಸಿದರಂತೆ. ಅವಳು ಗಂಡಸರು ಮಾತ್ರ ಕೂಡುವ ಮನೆಯ ಬಾಗಿಲ ಹೊರಗೆ ನಿಂತು ಹೇಳಿದ್ದು ಒಂದೇ ಮಾತು.

“ಮೈದುನಾ, ನನ್ನ ಅಣ್ಣನ ದೊಡ್ಡಿಗೆ ಹೋದ ಹಂದಿ ತಿರುಗಿ ಬಂದದ್ದನ್ನ ನಾನು ಹುಟ್ಟಿದಾಗಿನಿಂದ ಕಂಡಿಲ್ಲ.”

ಹೆಂಗಸಿನ ಮಾತು ಯಾರಿಗೆ ಬೇಕಾಗಿತ್ತು! ಹೊರಡುವ ಬೆಳಿಗ್ಗೆ ಗುಂಡಿಯಿಂದ ಕಲ್ಲುಗಳನ್ನು ಎತ್ತಿ ಜರಿಗಿಡದ ಎಲೆಗಳ ಮೇಲೆ ಸಾಲಾಗಿ ಇಟ್ಟರು. ತುಂಬಿಯ ಜನ ಬಲೆಚೀಲ ಬಿಚ್ಚಿ ಸಿದ್ಧರಾದರು. ಯಾಕಾಮೆ ತನ್ನ ಮಗಳನ್ನು ಹೂಳಿದ್ದ ಕಡೆಯಿಂದ ಎದ್ದು ಬಂದಳು. ಹೆದರಿಕೆಯಾಗಿತ್ತು ಅವಳಿಗೆ. ಬಾಲ್ಯದಿಂದ ಸುತ್ತಿ ಬಳಸಿ ನಡೆದ ಕಾಲು ಅವಳದು. ಆದರೂ ಹುಲ್ಲಿನ ಲಂಗವನ್ನು ಒಂದಿಷ್ಟು ಎತ್ತಿ ಹಿಡಿದು ಮೊದಲ ಕಲ್ಲನ್ನು ದಾಟಿದಳು. ಆಮೇಲೆ ಎರಡನೆಯದನ್ನು. ಆತುರಪಡದೆ, ಒಂದನ್ನೂ ಬಿಡದೆ, ಸಾಲಿನ ಆ ತುದಿಯವರೆಗೆ ದಾಟಿ ನಿಂತಳು.

ಬಗ್ಗಿದ್ದ ಗಂಡಸರೆಲ್ಲ ಹಾವು ಕಂಡವರಂತೆ ಹಿಂದಕ್ಕೆ ಹಾರಿದರು. ಪೊಂಡೋ ಕಲ್ಲುಕೊಡಲಿ ಎತ್ತಿದ.

“ಅತ್ತಿಗೇ! ಏನು ಮಾಡಿಬಿಟ್ಟೆ ನೀನು?”

“ದಾಟಿದೆ. ನೀವು ಮಾಡಿದ ಕಟ್ಟಳೆ, ನಾನು ಮಾಡಿದ್ದಲ್ಲ. ಈಗ ಹೊರಿ ನೋಡೋಣ, ಯಾರ ತೋಳು ಬತ್ತತ್ತೆ ಅಂತ.”

“ಕೊಂದುಹಾಕ್ತೀನಿ!”

“ಕೊಲ್ಲು. ನಾನು ಸತ್ತರೆ ಕಲ್ಲು ಶುದ್ಧ ಆಗತ್ತೇನು? ಅವಸರ ಬೇಡ. ಮೊದಲು ನನ್ನ ಅಣ್ಣನ್ನ ಒಂದು ಮಾತು ಕೇಳು. ಕಲ್ಲು ಇಲ್ಲಿರಲಿ, ಹಸಿದ ಮಕ್ಕಳನ್ನಾದರೂ ಕರಕೊಂಡು ಹೋಗ್ತಾನಾ ಅಂತ ಕೇಳು.”

ಪೊಂಡೋ ತಿರುಗಿ ನೋಡಿದ. ತುಂಬಿಯ ಕಣ್ಣು ಖಾಲಿ ಬಲೆಚೀಲಗಳ ಮೇಲಿತ್ತು.

“ಕಲ್ಲಿಲ್ಲದ ಜನ ಕಟ್ಟಿಕೊಂಡು ನಾನೇನು ಮಾಡಲಿ?” ಎಂದುಬಿಟ್ಟ.

ಬಾಯಿ ತಪ್ಪಿ ಬಂದ ಆ ಮಾತನ್ನು ಅವನಿಗೆ ಮತ್ತೆ ನುಂಗಲಾಗಲಿಲ್ಲ. ಅವನು ಕರೆಯಲು ಬಂದದ್ದು ದಿಣ್ಣೆಯನ್ನು, ದಿಣ್ಣೆಯ ಜನರನ್ನಲ್ಲ ಎಂಬುದು ಹಸಿದ ಹೊಟ್ಟೆಗಳಿಗೂ ಅರ್ಥವಾಯಿತು. ಪೊಂಡೋನ ಕೊಡಲಿ ಕೆಳಗಿಳಿಯಿತು. ತುಂಬಿ ತಂಗಿಯ ಮುಖ ನೋಡದೆ ಬೆಟ್ಟ ಇಳಿದುಹೋದ.

ಮುಂದೆ ಎಲ್ಲವೂ ಸುಸೂತ್ರವಾಯಿತು ಎಂದು ಯಾರೂ ಹೇಳುವುದಿಲ್ಲ. ಆ ಹಸಿವಿನಲ್ಲಿ ಸತ್ತವರಿದ್ದರು, ಯಾಕಾಮೆಯ ಅತ್ತೆಯೂ ಸತ್ತಳು. ಅವರಲ್ಲಿ ಕೆಲವರು ಯಾಕಾಮೆಯನ್ನು ಶಪಿಸುತ್ತಲೇ ಸತ್ತರು. ಅವಳು ಅದನ್ನೂ ಕೇಳಿಸಿಕೊಂಡಳು. ಹೆಂಗಸರು ಕೊಳೆತ ಏರಿಗಳನ್ನು ಕೆದಕಿ ಉಳಿದ ಗೆಣಸು ಆರಿಸಿದರು, ಕಾಡಿನಿಂದ ಕೇದಗೆ ಜಾತಿಯ ಮರದ ಕಾಯಿಗಳನ್ನೂ ಜರಿಸೊಪ್ಪನ್ನೂ ತಂದರು, ದಾಟಿದ ಕಲ್ಲುಗಳನ್ನೇ ಕಾಯಿಸಿ ಬೇಯಿಸಿದರು. ಗಂಡಸರು ಅದನ್ನು ಮುಟ್ಟಲಿಲ್ಲ. ತಮ್ಮ ಮನೆಯಲ್ಲಿ ಸೊಪ್ಪನ್ನು ಬಿದಿರಿನ ಕೊಳವೆಗೆ ತುರುಕಿ ಸುಟ್ಟು, ಅರೆಬೆಂದದ್ದನ್ನು ಮಡಿಯಾಗಿ ನುಂಗಿದರು. ಆದರೆ ಹಸಿವು ರುಚಿ ಕೇಳುವುದಿಲ್ಲ ಎನ್ನುತ್ತಾರಲ್ಲ, ಮಡಿಯನ್ನೂ ಕೇಳುವುದಿಲ್ಲ. ಕಡೆಗೊಂದು ದಿನ ಪೊಂಡೋ ತಾನಾಗಿ ಗುಂಡಿಯ ಬಳಿ ಬಂದು ನಿಂತ.

“ಅತ್ತಿಗೆ, ಒಂದು ಗೆಣಸು ಕೊಡು.”

“ನಾನು ದಾಟಿದ ಕಲ್ಲಲ್ಲಿ ಬೆಂದದ್ದು.”

“ಗೊತ್ತು.”

“ಹೊಟ್ಟೆ ಊದಿ ಸತ್ತರೆ?”

“ಊದಲಿ. ಹೊಟ್ಟೆ ಅಂತ ಒಂದು ಇದೆಯಾ ಅನ್ನೋದೇ ಮರೆತುಹೋಗಿದೆ.”

ಅವನು ತಿಂದ. ಊರು ಊರೇ ಸುತ್ತ ಕುಳಿತು ಅವನ ಹೊಟ್ಟೆಯನ್ನೇ ನೋಡುತ್ತಿತ್ತು. ಹೊತ್ತು ಇಳಿಯಿತು, ಪೊಂಡೋ ಊದಲಿಲ್ಲ. ಅವನು ಇನ್ನೊಂದು ಗೆಣಸು ಕೇಳಿದ. ಆಗ ಯಾಕಾಮೆ ಮೊದಲ ಬಾರಿಗೆ ಅತ್ತಳು ಎನ್ನುತ್ತಾರೆ. ಸುತ್ತಿ ನಡೆದ ಅಷ್ಟೂ ದಾರಿ ಸುಳ್ಳಾಗಿತ್ತಲ್ಲ ಎಂಬ ಸಿಟ್ಟಿನ ಅಳು ಅದು. ಮಳೆಯ ನಂತರ ಅವಳು ನೆಟ್ಟ ಬಳ್ಳಿ ಚಿಗುರಿತು. ಅಂದಿನಿಂದ ಕೆಯಾಲಿಯಲ್ಲಿ ಬೆಂಕಿ ಹೊತ್ತಿಸುವ ಮೊದಲು ಊರಿನ ಹಿರಿಯ ಹೆಂಗಸು ಕಲ್ಲುಗಳನ್ನು ಒಮ್ಮೆ ದಾಟುತ್ತಾಳೆ. ದಾಟದ ಕಲ್ಲಿನ ಅಡುಗೆಯನ್ನು ಅಲ್ಲಿ ಯಾರೂ ಉಣ್ಣುವುದಿಲ್ಲ.

ಇನ್ನು ಆ ಕಬ್ಬಿಣದ ಗೂಟಗಳು. ಅವು ಈಚಿನವು. ಬೆಟ್ಟದ ಹೊಟ್ಟೆಯಲ್ಲಿ ಏನೋ ಲೋಹವಿದೆ ಎಂದು ಮೂಸಿಕೊಂಡು ಬಂದ ಯಾರೋ ಊರಿನ ಸುತ್ತ ನೆಡಲು ತಂದವು. ಕೆಳಗೆ ತಗಡಿನ ಮನೆ ಕೊಡುತ್ತೇವೆ, ನಲ್ಲಿ ಕೊಡುತ್ತೇವೆ ಎಂದು ಅವರು ಕಣ್ಣಲ್ಲಿ ನೀರು ತರದಿದ್ದರೂ ತುಂಬಿಯ ಮಾತನ್ನೇ ಆಡಿದರು. ಮೆಲೇಸಾ ಎಂಬ ಅಜ್ಜಿ ಎದ್ದಳು, ಲಂಗ ಎತ್ತಿ ಹಿಡಿದಳು, ಗೂಟಗಳ ರಾಶಿಯನ್ನು ದಾಟಿದಳು. ಅವಳ ಹಿಂದೆ ಊರಿನ ಹೆಂಗಸರೆಲ್ಲ ದಾಟಿದರು. ಹೊರಲು ಬಂದಿದ್ದ ಆಳುಗಳು ಕಣಿವೆಯವರು. ಹಳೆಯ ಕಟ್ಟಳೆ ಕಣಿವೆಯಲ್ಲಿ ಇನ್ನೂ ಸತ್ತಿರಲಿಲ್ಲ. ಎಷ್ಟು ಬೈದರೂ ಒಬ್ಬನೂ ಕೈ ಹಚ್ಚಲಿಲ್ಲ. ಅವರ ಯಜಮಾನ ತಾನೇ ಒಂದು ಹೊರೆ ಎತ್ತಿಕೊಂಡು ಹೊರಟು, ಹುಲ್ಲುಗಾವಲಿನ ತಿರುವಿನಲ್ಲಿ ಏದುಸಿರು ಬಿಡುತ್ತ ಅದನ್ನೂ ಎಸೆದು ವಿಮಾನ ಹತ್ತಿದ. ಅವರು ಮತ್ತೆ ಬರುತ್ತಾರೆ ಎಂಬುದು ಕೆಯಾಲಿಗೆ ಗೊತ್ತಿದೆ. ಅಜ್ಜಿಯರೂ ಕಾಲು ಗಟ್ಟಿ ಇಟ್ಟುಕೊಂಡಿದ್ದಾರೆ.

ಇಂದಿಗೂ ಆ ದಿಣ್ಣೆಗೆ ಹೋದವರ ಕೈಗೆ ಎಲೆಯಲ್ಲಿ ಸುತ್ತಿದ ಬಿಸಿ ಗೆಣಸೊಂದು ಬರುತ್ತದೆ. ಅದು ಯಾವ ಕಲ್ಲಿನಲ್ಲಿ ಬೆಂದದ್ದು, ಆ ಕಲ್ಲನ್ನು ದಾಟಿದವರು ಯಾರು ಎಂದು ಮೊದಲೇ ಹೇಳಿ, ಎಲ್ಲರೂ ಬಂದವನ ಮುಖವನ್ನೇ ನೋಡುತ್ತ ಕೂರುತ್ತಾರೆ. ತಿಂದವನು ನೆಂಟ. ತಿನ್ನದವನಿಗೆ ಇಳಿಯುವ ದಾರಿ ತೋರಿಸುತ್ತಾರೆ.