ಜಾವೊದಿಯನ್ನು ಕರೆದ ಸಂಜೆ

"ಬುದ್ಧೀ, ಚೀನಾದವರ ಮಾತಿನಲ್ಲಿ ಅವನು ಎನ್ನುವುದಕ್ಕೂ ಅವಳು ಎನ್ನುವುದಕ್ಕೂ ಒಂದೇ ಸದ್ದಂತೆ. ಹಾಗಾದರೆ ಗಂಡು ಹೆಣ್ಣೆಂಬ ಭೇದ ಆ ಜನಕ್ಕೆ ಇಲ್ಲವೇ?" ಎಂದು ಶಿಷ್ಯ ಕೇಳಿದ.

ಆ ದೇಶ ಸುತ್ತಿ ಬಂದ ಪಿಂಗಾಣಿ ವ್ಯಾಪಾರಿಯೊಬ್ಬ ಹಿಂದಿನ ದಿನ ಮಠದಲ್ಲಿ ಉಂಡು ಹೋಗಿದ್ದ. ಸದ್ದಿನ ಸಂಗತಿ ಅವನು ಹೇಳಿದ್ದು. ನಮ್ಮ ನುಡಿಯಲ್ಲೂ ಹಾಗೇ ಇದ್ದಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ ಎಂದು ಶಿಷ್ಯ ತನ್ನದೂ ಒಂದು ಮಾತು ಸೇರಿಸಿದ.

ಗುರುಗಳು ಸೊಪ್ಪು ಸೋಸುತ್ತಿದ್ದರು. ಸೋಸುತ್ತಲೇ ಹೇಳಿದರು.

ಆ ದೇಶದಲ್ಲಿ ಒಬ್ಬ ರೈತ. ಅವನಿಗೆ ಒಬ್ಬಳೇ ಮಗಳು. ಅವಳು ಹುಟ್ಟಿದ ದಿನವೇ ಅವನು ಜಾವೊದಿ ಎಂದು ಹೆಸರಿಟ್ಟ. ತಮ್ಮನನ್ನು ಕರೆದು ತಾ ಎಂದು ಅದರ ಅರ್ಥ. ಅಂಥ ಹೆಸರನ್ನು ಕೂಗಿದಷ್ಟೂ ಗಂಡುಮಗು ಬೇಗ ಬರುತ್ತದೆ ಎಂದು ಆ ಊರಿನವರು ನಂಬಿದ್ದರು. ಆದ್ದರಿಂದ ಕೆಲಸ ಇರಲಿ ಬಿಡಲಿ, ರೈತ ಮಗಳನ್ನು ದಿನಕ್ಕೆ ಇಪ್ಪತ್ತು ಸಲ ಕೂಗುತ್ತಿದ್ದ. ನೆರೆಯವರೂ ಕೂಗುತ್ತಿದ್ದರು. ಏನೇ ಜಾವೊದಿ, ಎಲ್ಲಿದ್ದಾನೆ ನಿನ್ನ ತಮ್ಮ ಎಂದರೆ ಹುಡುಗಿ ಬಾತುಕೋಳಿ ಅಟ್ಟುತ್ತಲೇ, ಕಾಲು ನೋವಂತೆ, ಕೂತು ಕೂತು ಬರ್ತಿದ್ದಾನೆ ಅನ್ನುತ್ತಿದ್ದಳು.

ಹೀಗೆ ಒಂಬತ್ತು ವರ್ಷ ಕಳೆಯಿತು. ಹೆಂಡತಿ ಮತ್ತೆ ಬಸಿರಾದಳು. ರೈತ ಕುಲದ ಹಿರಿಯರ ಬಳಿಗೆ ಹೋಗಿ, ಬರಲಿರುವ ಮಗನಿಗೆಂದು ಒಂದು ಹೆಸರು ಬರೆಸಿ ತಂದ. ಗಂಡಿನ ಹೆಸರನ್ನು ಅಲ್ಲಿ ಹಿರಿಯರೇ ಆರಿಸುವುದು. ಒಬ್ಬರಿಗೆ ಇಟ್ಟದ್ದನ್ನು ಕುಲದಲ್ಲಿ ಮತ್ತೊಬ್ಬರಿಗೆ ಇಡುವಂತಿಲ್ಲ. ಹೆಸರು ಬರೆದ ಕೆಂಪು ಕಾಗದವನ್ನು ಅವನು ಪಿತೃಗಳ ಪೀಠದ ಮೇಲಿಟ್ಟು ಕೈಮುಗಿದ.

ಬಸಿರಿಗೆ ಏಳು ತಿಂಗಳು ತುಂಬಿದಾಗ ಹುಡುಗಿ ಮನೆಯ ಎದುರಿನ ಕೆರೆಗೆ ಬಿದ್ದಳು. ಎತ್ತಿದರು. ಉಸಿರಿತ್ತು, ಕಣ್ಣು ತೆರೆಯಲಿಲ್ಲ. ಮೂರು ದಿನ ಸುಡುವ ಜ್ವರ. ವೈದ್ಯ ಕೈಚೆಲ್ಲಿದ.

ಬೆದರಿದ ಮಗುವಿನ ಜೀವ ಬೆದರಿದ ಜಾಗದಲ್ಲೇ ಉಳಿದುಬಿಡುತ್ತದೆ, ಹೆಸರು ಹಿಡಿದು ಕರೆದರೆ ಮನೆಗೆ ಬರುತ್ತದೆ ಎಂಬುದು ಅವರ ವಾಡಿಕೆ. ಅದನ್ನು ಬಲ್ಲ ಒಬ್ಬ ಮುದುಕಿ ಬಂದಳು. ಅವಳು ಹೇಳಿದ ಹಾಗೆ ರೈತ ಮಗಳ ಅಂಗಿ ಹಿಡಿದು ಕೆರೆಯ ಏರಿಯ ಮೇಲೆ ನಿಂತ. ಜಾವೊದಿ, ಮನೆಗೆ ಬಾ ಎಂದು ಕರೆದ. ಬಂದಾಯಿತು ಎಂದು ಹೊಸ್ತಿಲಿನಿಂದ ತಾಯಿ ಓಗೊಟ್ಟಳು. ಮೂರು ಸಲ ಕರೆದರೂ ಒಳಗೆ ಹುಡುಗಿ ಅಲುಗಲಿಲ್ಲ.

"ಯಾರನ್ನಪ್ಪಾ ಕರೀತಿದ್ದೀಯ?" ಎಂದಳು ಮುದುಕಿ.

"ನನ್ನ ಮಗಳನ್ನ."

"ಒಂಬತ್ತು ವರ್ಷ ಆ ಹೆಸರಲ್ಲಿ ನೀನು ಕರೆದದ್ದು ಹುಟ್ಟದೇ ಇರೋ ಮಗನನ್ನ. ಅವಳಿಗೆ ಅಂತ ಬೇರೆ ಹೆಸರಿದ್ದರೆ ಕರಿ. ಹೊತ್ತು ಮುಳುಗೋದರೊಳಗೆ ಕರಿ."

ಬೇರೆ ಹೆಸರು ಇರಲಿಲ್ಲ. ನಿಂತ ನಿಲುವಿನಲ್ಲಿ ಹೊಸದೊಂದು ಹುಟ್ಟಿಸಿದರೆ ನಡೆಯದು, ಪಿತೃಗಳಿಗೆ ಒಪ್ಪಿಸಿದ್ದೇ ಆಗಬೇಕು ಎಂದಳು ಮುದುಕಿ. ಹಿರಿಯರ ಊರು ಒಂದು ದಿನದ ದಾರಿ. ಪಿತೃಗಳಿಗೆ ಒಪ್ಪಿಸಿದ ಹೆಸರು ಮನೆಯಲ್ಲಿ ಇದ್ದದ್ದು ಒಂದೇ.

ರೈತ ಮನೆಗೆ ಬಂದು ಕೆಂಪು ಕಾಗದ ಕೈಗೆತ್ತಿಕೊಂಡ. ಮಗಳಿಗೆ ಕೊಟ್ಟರೆ ಕೊಟ್ಟ ಹಾಗೆಯೇ, ಮತ್ತೆ ಮಗನಿಗೆ ಇಡುವಂತಿಲ್ಲ. ಅವನು ಹೆಂಡತಿಯ ಹೊಟ್ಟೆ ನೋಡಿದ. ಮತ್ತೆ ಕಾಗದ ನೋಡಿದ. ಬಿಸಿಲು ಬಿದಿರಿನ ತುದಿಗೆ ಏರಿತ್ತು. ಹೊಟ್ಟೆಯಲ್ಲಿರುವುದಕ್ಕೆ ಇನ್ನೂ ಎರಡು ತಿಂಗಳಿದೆ, ಮಲಗಿರುವುದಕ್ಕೆ ಈ ಸಂಜೆಯಷ್ಟೇ ಎಂದಳು ಹೆಂಡತಿ.

ಅವನು ಏರಿಗೆ ಹಿಂತಿರುಗಿದ. ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೆಯ ಸಲ, ಮಗನಿಗೆಂದು ತಂದ ಹೆಸರನ್ನು ಹಿಡಿದು, ಯಾವೊತ್ಸು, ಮನೆಗೆ ಬಾ ಎಂದು ಗಂಟಲು ಬಿರಿಯುವ ಹಾಗೆ ಕೂಗಿದ. ಏರಿಯ ಮೇಲಿದ್ದವರು ಮುಖ ಮುಖ ನೋಡಿಕೊಂಡರು. ಹೊಸ್ತಿಲಿನಿಂದ ತಾಯಿ ಓಗೊಟ್ಟಳು.

ಇಷ್ಟು ಹೇಳಿ ಗುರುಗಳು ಸೋಸಿದ ಸೊಪ್ಪನ್ನು ನೀರಿಗೆ ಹಾಕಿದರು.

ಶಿಷ್ಯ ಕಾದ. ಕಾದು ಕಾದು ತಡೆಯಲಾರದೆ ಕೇಳಿದ: "ಆಮೇಲೆ ಹುಟ್ಟಿದ್ದು ಗಂಡೇ ಆಗಿದ್ದರೆ, ಪಾಪ, ಅವನಿಗೆ ಏನು ಹೆಸರಿಟ್ಟರು ಬುದ್ಧೀ?"

"ಹುಡುಗಿ ಕಣ್ಣು ತೆರೆದಳೇ ಎಂದು ನೀನು ಕೇಳಲಿಲ್ಲ" ಎಂದರು ಗುರುಗಳು.